ನವಸಾಗರ

ಕಪ್ಪು ಹಿಡಿಸಲು ಕಿಲೋಗಟ್ಟಲೆ ತರುವ ಉಪ್ಪಿಗೆ
ನಮ್ಮ ಓಣಿಯಲ್ಲಿ ನವಸಾಗರ ಅಂತಾರೆ.
ಮೂವತ್ತು ವರ್ಷ ಕೋಟೆಯ ಮಣ್ಣಿನ ಜೊತೆ ಕುದಿಸಿದ್ದೇನೆ,
ಆ ಹೆಸರಿನೊಳಗೆ ಸಾಗರ ಇದೆ ಅಂತ
ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಹೈದರಾಬಾದಿನ ನರ್ಸಿಂಗ್ ಭಾಯ್ ಫೋನಿನಲ್ಲಿ ಅಂದ:
ಹೊಸ ತೊಟ್ಟಿಗೆ ಮೊದಲೇ ಜೀವ ಬಿಡಬ್ಯಾಡ್ರಿ,
ಚಿಟಿಕೆ ನವಸಾಗರ ಬಿಡ್ರಿ. ಶುದ್ಧದ್ದು, ನಿಮ್ಮ ಕಡಾಯಿದಲ್ಲ.
ಕಣ್ಣಿಗೆ ಕಾಣದವು ಅದನ್ನ ತಿಂದು ಕಲ್ಲಿನೊಳಗೆ ಮನೆ ಮಾಡಲಿ.
ಆಮೇಲೆ ಕಾಣುವವು.

ಬರೀ ಕಲ್ಲು, ಬರೀ ನೀರು,
ಸಬೀಹಾ ಮೂವತ್ತೊಂದು ದಿನ ನೋಡಿದಳು,
ಶಾಲೆಯ ಚೀಲ ಹೆಗಲಿಂದ ಇಳಿಸದೆ.
ಗೆಳತಿಯರು ಬಂದು, ಮೀನೆಲ್ಲಿ, ಅಂತ ಕೇಳಿ ಹೋದರು.
ಕಲ್ಲಿಗೆ ಕಂದು ಧೂಳು ಕೂತ ದಿನ
"ಅಬ್ಬಾ, ಬಂತು" ಎಂದಳು.
ಏನು ಬಂತೋ ನನಗೆ ತಿಳಿಯಲಿಲ್ಲ.

ಮೊದಲು ಬಂದವು ಮೂರು ಬಸವನಹುಳು,
ಬಸ್ಸಿನ ಡ್ರೈವರನ ಸೀಟಿನ ಹಿಂದೆ ಥರ್ಮಾಕೋಲ್ ಡಬ್ಬಿಯಲ್ಲಿ
ಜಹೀರಾಬಾದ್ ದಾಟಿ, ಬೀದರಿನ ಮೇ ತಿಂಗಳಿಗೆ.
ನಾನೇ ಕೈಯಾರೆ ಇಟ್ಟೆ.
ಮೂರನೇ ಬೆಳಿಗ್ಗೆ ಮೂರೂ ಬೋರಲು,
ಅಂಗಳ ದಾಟಿದ ವಾಸನೆ.

"ನಿಮ್ಮ ಉದ್ಯೋಗ ಏನಂದ್ರಿ?"
"ಬಿದರಿ."
ಆ ಕಡೆ ಸ್ವಲ್ಪ ಹೊತ್ತು ಅಂಗಡಿಯ ನೀರುಗುಳ್ಳೆಗಳ ಸದ್ದು ಮಾತ್ರ.
"ತಾಮ್ರ, ಭಾಯ್. ಮೀನು ಒಂದಿಷ್ಟು ತಡದಾವು.
ಬೆನ್ನೆಲುಬು ಇಲ್ಲದವು ತಡೆಯಂಗಿಲ್ಲ."

ಮೈಲುತುತ್ತದ ನೀರು ಬಳಿದು ಬಳ್ಳಿ ಗೀಚುವ ಕೈ,
ಎಷ್ಟು ತೊಳೆದರೂ ಉಗುರಿನ ಸಂದಿಗೆ ನೀಲಿ.
ಈ ಮನೆಯ ಅನ್ನವೂ ಇದೇ ಕೈಯದು.
ನೀರು ಚೆಲ್ಲಿದೆವು. ಕಲ್ಲನ್ನೂ ಎಸೆದೆವು.
ಎರಡನೇ ಸಲದ ಚಿಟಿಕೆ ಸಬೀಹಾ ಹಾಕಿದಳು.

ಈಗ ಆರಿಸುವವನು ನಾನು, ಇಡುವವಳು ಅವಳು.
ಕೊಂಬೆಕೊಂಬೆಯ ನೇರಳೆ ಹವಳ ಕೇಳಿದಳು.
ಅದು ನವಾಬರ ಮನೆಯ ಕೂಸು, ಎಂದೆ,
ನೀರು ಚೂರು ಬಿಸಿಯಾದರೆ ಬಿಳಿಚಿಕೊಳ್ಳುತ್ತದೆ,
ನಮ್ಮದು ಕರೆಂಟು ಹೋಗುವ ಊರು.
ಅಣಬೆಯಂಥದ್ದು ಸರಿ, ಅರೆಬೆಳಕಿಗೂ ಮುಖ ಸಿಂಡರಿಸದು.
ಹಸಿರು ನಕ್ಷತ್ರದ್ದು ಬೇಕೇ ಬೇಕು, ಆದರೆ ದೂರದ ಒಂಟಿ ಕಲ್ಲಿಗೆ;
ಬಿಟ್ಟರೆ ಮದುವೆಗೆ ಬಂದ ನೆಂಟರ ಹಾಗೆ
ಗೋಡೆತನಕ ಹಾಸಿಗೆ ಹಾಸುತ್ತದೆ.

ಮತ್ತೆ ಒಂದು ಚಿತ್ರ ಬಂತು, ನಾನೇ ಸೋತೆ:
ಅಶರ್ಫಿ ಬೂಟಿ!
ಅಜ್ಜ ಹುಕ್ಕಾದ ಬುಡಕ್ಕೆ ಬೆಳ್ಳಿಯಲ್ಲಿ ಕೂರಿಸುತ್ತಿದ್ದ ನಾಣ್ಯದ ಹೂ,
ಇಲ್ಲಿ ಗೊಂಚಲಾಗಿ, ಅಂಚು ಮಿಡುಕಿಸುತ್ತ.
ಅದರಲ್ಲಿ ವಿಷ ಉಂಟಂತೆ, ಗಾಯದ ಬೆರಳಿಗೆ ಆಗದು.
ನನ್ನ ಬೆರಳು ಗಾಯವಿಲ್ಲದೆ ಇದ್ದದ್ದು ಯಾವಾಗ?
ಅವಳಿಗೆ ಕೈಗವಸು ತೊಡಿಸಿ,
ಎಡಕ್ಕೆ, ಇನ್ನೂ ಎಡಕ್ಕೆ, ಎನ್ನುತ್ತ
ಬೆನ್ನ ಹಿಂದೆ ಕೈ ಕಟ್ಟಿ ನಿಂತೆ.

ಕೋಟೆಯ ಮಣ್ಣನ್ನು ನಾಲಿಗೆಗಿಟ್ಟು ಗುಣ ಹೇಳುವವರು ನಾವು.
ಬಕೆಟ್ಟಿನಲ್ಲಿ ಕಲಸಿದ ಉಪ್ಪುನೀರಿಗೂ ನಾಲಿಗೆ ಚಾಚಿದೆ:
"ಚೂರು ಕಡಿಮೆ."
ಅವಳು ನಕ್ಕು ಗಾಜಿನ ಕೊಳವೆ ತೇಲಿಸಿದಳು.
ಚೂರು ಕಡಿಮೆಯೇ ಇತ್ತು.
ನಾನು ಸಮುದ್ರ ನೋಡಿದವನಲ್ಲ.

ರಾತ್ರಿ ಸುರಾಹಿಯ ಕೆಲಸಕ್ಕೆ ಕೂತಾಗ
ಹಸಿರು ನಕ್ಷತ್ರ ಎಣಿಸಿದೆ. ಎಂಟೆಸಳು. ಎಲ್ಲದಕ್ಕೂ ಎಂಟು.
ಸೇಠ್ ಕೊಟ್ಟ ನಕ್ಷೆಯಲ್ಲಿ ಆರು.
ಉಳಿ ಎಂಟನ್ನೇ ತೋಡಿದೆ, ಬೆಳ್ಳಿ ತಂತಿ ಸಾಲದೆ ಬಂದಿದೆ,
ನಾಳೆ ಏನು ಹೇಳಲಿ ಅವನಿಗೆ.

"ಕೇಸರಿ ಮೀನು ಯಾವಾಗ ಅಬ್ಬಾ?"
ಮೊದಲು ಈ ಹುಳು ಒಂದು ತಿಂಗಳು ಬಾಳಲಿ.

ಬಾಳುತ್ತಿದೆ. ಗಾಜು ಹತ್ತುತ್ತಿದೆ.
ಹೊಟ್ಟೆಯಡಿಯ ಪುಟ್ಟ ಬಾಯಿ ತೆರೆದು ಮುಚ್ಚಿ
ಪಾಚಿ ಒರೆಸುತ್ತ ಬಂದು
ನನ್ನ ಹೆಬ್ಬೆರಳಿನ ಕಲೆಯ ಹತ್ತಿರ ನಿಂತು
ಅದನ್ನೂ ಕೆರೆಯುತ್ತದೆ, ಮತ್ತೆ ಕೆರೆಯುತ್ತದೆ.
ಕಲೆ ಇರುವುದು ಈಚೆ ಬದಿಗೆ.